ಅಜ್ಜಿಯ ಹೆಣಿಗೆ

ಮಹಾಪುರುಷರ ಚರಿತ್ರೆ, ರಾಜ್ಯಗಳ ಏಳುಬೀಳು, ವಿಜ್ಞಾನದ ವಿಸ್ಮಯ ಮೊದಲಾದ ವಿಷಯಗಳನ್ನು ಕೇಳಿ ಅಭ್ಯಾಸವಾಗಿರುವ ತಮ್ಮ ಮುಂದೆ ಒಂದು ಉಣ್ಣೆಯ ಉಂಡೆಯನ್ನೂ ಎರಡು ಕಡ್ಡಿಗಳನ್ನೂ ತಂದಿಡಲು ನನಗೆ ತುಸು ಸಂಕೋಚವಾಗುತ್ತದೆ. ಆದರೆ ಈ ಕಡ್ಡಿಗಳನ್ನು ಹಿಡಿದ ಕೈಯನ್ನು ಕುರಿತು ಹೇಳಬೇಕಾದ ಮಾತುಂಟು. ಅದು ಅಜ್ಜಿಯ ಕೈ. ಬೆಂಗಳೂರಿನ ಅಂಚಿನಲ್ಲಿ ಬೆಳೆದಿರುವ ದೊಡ್ಡ ದೊಡ್ಡ ಉದ್ಯಮಗಳ ಭಾರದಲ್ಲಿ ಒಂದು ಪಾಲನ್ನು ಆ ಕೈಯೂ ಹೊತ್ತಿದೆಯೆಂದರೆ ತಾವು ಮೊದಲು ನಗಬಹುದು. ಆಮೇಲೆ ಒಪ್ಪುವಿರೆಂದು ನಂಬಿದ್ದೇನೆ.

ಈ ಅಂಚಿನ ಊರುಗಳ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ನೆಲವನ್ನು ಕೊಡಲಾಗಿ, ಬೇಸಾಯ ಮಾಡಿಕೊಂಡು ಬಾಳುವವರಿಗಾಗಿ ವೈಟ್‌ಫೀಲ್ಡ್ ಹುಟ್ಟಿತು. ಸುಮಾರು ನೂರು ವರ್ಷಗಳ ತರುವಾಯ, 1970ರ ದಶಕದ ಕೊನೆಯಲ್ಲಿ, ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ವಾಯವ್ಯದಲ್ಲಿ ಪೀಣ್ಯದ ಯಂತ್ರಶಾಲೆಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಬೆಳೆದವು. ಮೂರು ದಿಕ್ಕಿಗೂ ಈಗ ಮೆಟ್ರೋ ರೈಲು ಓಡುತ್ತದೆ: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಬಂದಿತು. ಬೆಳಗ್ಗೆ ಆ ಗಾಡಿಗಳಲ್ಲಿ ನಿಂತು ಹೋಗುವ ತರುಣ ದಂಪತಿಗಳನ್ನು ಕಂಡಾಗ ನನಗೊಂದು ಪ್ರಶ್ನೆ ಏಳುತ್ತದೆ: ಇವರ ಮಗು ಈ ಹೊತ್ತಿನಲ್ಲಿ ಯಾರ ತೊಡೆಯ ಮೇಲಿದೆ?

ನನ್ನ ಅಕ್ಕನ ಸಂಗತಿಯನ್ನೇ ಹೇಳುತ್ತೇನೆ. ಆಕೆ ಸಾಗರದ ಕಡೆಯವಳು. ಭಾವನವರಿಗೆ ಅಲ್ಲಿ ಸ್ವಲ್ಪ ಅಡಕೆ ತೋಟವಿದೆ. ಹಿಂದೆ ಹೆರಿಗೆಗೆ ಮಗಳು ತವರಿಗೆ ಬರುವುದು ವಾಡಿಕೆ. ಈಗ ಅನೇಕ ಮನೆಗಳಲ್ಲಿ ತವರೇ ಮಗಳಿದ್ದಲ್ಲಿಗೆ ಹೋಗುತ್ತದೆ. ಅಕ್ಕನೂ ಬಾಣಂತನಕ್ಕೆಂದು ಮೂರು ತಿಂಗಳ ಮಾತಾಡಿಕೊಂಡು, ಬಾಣಂತಿಯ ಮದ್ದಿನ ಪುಡಿಗಳೊಡನೆ ರಾತ್ರಿ ರೈಲು ಹತ್ತಿ ವೈಟ್‌ಫೀಲ್ಡಿಗೆ ಬಂದಳು. 2017ರಲ್ಲಿ ಆದ ಕಾಯಿದೆಯ ತಿದ್ದುಪಡಿಯಿಂದ ದುಡಿಯುವ ತಾಯಂದಿರಿಗೆ ಮೊದಲೆರಡು ಮಕ್ಕಳ ಹೆರಿಗೆಯಲ್ಲಿ ಸಂಬಳದ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದೆ. ಇದು ಬಹು ದೊಡ್ಡ ಉಪಕಾರ. ಆದರೆ 27ನೆಯ ವಾರವೂ ಬರತಕ್ಕದ್ದೇ. ಆ ವಾರದಲ್ಲಿ ಮಗು ಇನ್ನೂ ಮಗುಚಿಕೊಳ್ಳುವುದನ್ನೂ ಕೂರುವುದನ್ನೂ ಕಲಿಯುತ್ತಿರುತ್ತದೆ. ಮಗಳು ಕೆಲಸಕ್ಕೆ ಹೊರಟಳು. ಅಕ್ಕನ ಮೂರು ತಿಂಗಳು ಎರಡು ವರ್ಷವಾಯಿತು.

ಆಕೆಯ ದಿನಚರಿಯನ್ನು ಒಂದು ದಿನ ಕುಳಿತು ನೋಡಿದೆ. ಬೆಳಗ್ಗೆ ಎಂಟೂವರೆಗೆ ಮನೆ ಬರಿದಾಗುತ್ತದೆ. ಹದಿಮೂರನೆಯ ಅಂತಸ್ತಿನ ಆ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗ ಇಬ್ಬರೇ. ಎಣ್ಣೆ ನೀವಿ ಸ್ನಾನ, ಲೋಬಾನದ ಹೊಗೆ, ರಾಗಿಯ ಸರಿಯ ನಾಲ್ಕು ಚಮಚ. ಐದನೆಯ ಚಮಚ ಸೀರೆಯ ಮೇಲೆ. ಕಾಗೆಯನ್ನು ತೋರಿಸಿ ಉಣಿಸೋಣವೆಂದರೆ ಅಷ್ಟು ಎತ್ತರಕ್ಕೆ ಬರುವುದು ಪಾರಿವಾಳ ಮಾತ್ರ; ಆದ್ದರಿಂದ ಕಾಗಕ್ಕನ ಕಥೆಯಲ್ಲಿ ಈಗ ಪಾರಿವಾಳವೂ ಸೇರಿಕೊಂಡಿದೆ. ಹನ್ನೊಂದಕ್ಕೆ ಮಗು ಮಲಗಿದ ಮೇಲೆ ಆಕೆ ಬಟ್ಟೆ ಮಡಿಚಿ, ಕನ್ನಡಕ ಒರೆಸಿ, ಕಪಾಟಿನ ಮೇಲಿಟ್ಟ ಚೀಲವನ್ನು ಇಳಿಸಿಕೊಳ್ಳುತ್ತಾಳೆ. ಅದರೊಳಗೆ ಅರ್ಧವಾಗಿರುವ ಹಳದಿಯ ಸ್ವೆಟರು.

ನೂಲುವುದು, ನೇಯುವುದು ನಮ್ಮಲ್ಲಿ ಪುರಾತನವಾದುವು. ಚಳ್ಳಕೆರೆಯ ಸೀಮೆಯಲ್ಲಿ ಕುರಿಯ ಉಣ್ಣೆಯನ್ನು ನೂತು ಕಂಬಳಿ ನೇಯುವ ಕಸುಬಿಗೆ ತಲೆಮಾರುಗಳ ಹಿರಿತನವಿದೆ. ಎರಡು ಕಡ್ಡಿಗಳ ಹೆಣಿಗೆಯಾದರೋ ಐರೋಪ್ಯರೊಡನೆ ಬಂದದ್ದು. ಆದರೆ ಬಂದ ಕೆಲವು ತಲೆಮಾರುಗಳಲ್ಲಿಯೇ ಅದು ನಮ್ಮ ಕುಲಾವಿಯನ್ನೂ ಕುಂಚಿಗೆಯನ್ನೂ ಹೆಣೆಯಲು ಕಲಿತು ಮನೆಯ ಮಗಳೇ ಆಗಿಹೋಯಿತು. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳಷ್ಟು ಎತ್ತರದಲ್ಲಿರುವುದರಿಂದ ಮಾರ್ಗಶಿರ ಪುಷ್ಯಮಾಸಗಳ ನಸುಕಿನ ಚಳಿ ಎಳೆಯ ಮೈಗೆ ತಾಗುವಷ್ಟು ಇದ್ದೇ ಇರುತ್ತದೆ.

ಮಗುವನ್ನು ನೋಡಿಕೊಳ್ಳುವವರಿಗೆ ಹೆಣಿಗೆಯಷ್ಟು ಒಗ್ಗುವ ಕೆಲಸ ಬೇರೊಂದಿಲ್ಲವೆಂದು ನನಗೆ ಅಂದು ತಿಳಿಯಿತು. ಒಲೆಯ ಮೇಲಿನ ಹಾಲು ನಮಗಾಗಿ ಕಾಯುವುದಿಲ್ಲ. ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರೆ ಕಥೆಯ ಎಳೆ ತಪ್ಪುತ್ತದೆ. ಹೆಣಿಗೆಯನ್ನು ಯಾವ ಕುಣಿಕೆಯಲ್ಲಿ ನಿಲ್ಲಿಸಿದರೂ ಅದೇ ಕುಣಿಕೆಯಲ್ಲಿ ಮತ್ತೆ ಹಿಡಿಯಬಹುದು. ಮಗು ನಿದ್ದೆಯಲ್ಲಿ ಮುಲುಗಿದೊಡನೆ ಅಕ್ಕ ಕುಣಿಕೆಗಳನ್ನೆಲ್ಲ ಕಡ್ಡಿಯ ಗುಂಡುತುದಿಯ ಕಡೆಗೆ ಸರಿಸಿ, ಇನ್ನೊಂದು ಕಡ್ಡಿಯನ್ನು ಉಂಡೆಗೆ ಚುಚ್ಚಿ, ಎಟುಕದಷ್ಟು ಎತ್ತರಕ್ಕೆ ಏರಿಸಿ ತೊಟ್ಟಿಲಿಗೆ ಹೋಗುವಳು. ಒಂದೊಂದು ದಿನ ಎರಡೇ ಸಾಲು. ಒಮ್ಮೆ ಹುಡುಗ ಅಂಬೆಗಾಲಿಟ್ಟು ಬಂದು ನೂಲನ್ನು ಎಳೆದುಬಿಟ್ಟ. ಇಪ್ಪತ್ತು ಸಾಲು ಬಿಚ್ಚಿಹೋಯಿತು. ಆಕೆ ಕೋಪಿಸಿಕೊಳ್ಳಲಿಲ್ಲ. ಹೆಣಿಗೆಯಲ್ಲಿ ಶ್ರಮ ಕೆಡಬಹುದೇ ಹೊರತು ನೂಲು ಕೆಡುವುದಿಲ್ಲವಷ್ಟೆ.

“ಅಂಗಡಿಯಲ್ಲಿ ಬೇಕಾದಷ್ಟು ಸ್ವೆಟರು ಸಿಗುತ್ತವಲ್ಲ ಅಕ್ಕ, ಕಣ್ಣಿಗೆ ಯಾಕೆ ಶ್ರಮ ಕೊಡುತ್ತೀಯೆ?” ಎಂದು ಕೇಳಿದೆ.

ಆಕೆ ಕಡ್ಡಿಯಿಂದ ಕಣ್ಣೆತ್ತದೆ ಹೇಳಿದಳು: “ಬೆಳಗಿನಿಂದ ನಾನು ಮಾಡಿದ ಕೆಲಸ ಯಾವುದಾದರೂ ಸಂಜೆಗೆ ಕಾಣುತ್ತದೇನೋ? ಉಣಿಸಿದ್ದು ಅರಗಿಹೋಗುತ್ತದೆ. ಒಗೆದದ್ದು ಮತ್ತೆ ಒದ್ದೆಯಾಗುತ್ತದೆ. ಮಲಗಿಸಿದ ಮಗು ಎದ್ದುಬಿಡುತ್ತದೆ. ಇದೊಂದು ಮಾತ್ರ ನಿನ್ನೆಗಿಂತ ನಾಲ್ಕು ಬೆರಳು ಬೆಳೆದಿರುತ್ತದೆ, ನೋಡು.”

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಮಗುವನ್ನು ಸಾಕುವ ಕೆಲಸ ಕಾಣದ ಕೆಲಸ. ಕಾಣದ್ದನ್ನು ಲೋಕ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾರತ ಸರ್ಕಾರ 2024ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆಂದೂ ಗಂಡಸರು 88 ನಿಮಿಷ ಕೊಡುತ್ತಾರೆಂದೂ ತಿಳಿದುಬಂತು. ಮಗುವಿನ ಆರೈಕೆಯ ಹೊತ್ತನ್ನು ಅದರಲ್ಲಿ ಸೇರಿಸಿಲ್ಲ. ಅದಕ್ಕೆ ಬೇರೆಯೇ ಲೆಕ್ಕವಿದೆ. ಸಂಬಳದ ಪುಸ್ತಕದಲ್ಲಿ ಮಾತ್ರ ಈ ಎರಡರಲ್ಲಿ ಯಾವುದಕ್ಕೂ ಅಂಕಣವಿಲ್ಲ.

ವೈಟ್‌ಫೀಲ್ಡಿನ ಅಜ್ಜಿಗೆ ಉಣ್ಣೆ ಕೊಳ್ಳುವ ಅನುಕೂಲವಾದರೂ ಉಂಟು. ಪೀಣ್ಯದ ಸುತ್ತಿನ ಒಂದೇ ಕೋಣೆಯ ಬಾಡಿಗೆ ಮನೆಗಳಿಗೆ ಹೋದರೆ ಇದೇ ಕಥೆಗೆ ಬೇರೆ ಬಣ್ಣ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ದಿನವೆಲ್ಲ ಕುಳಿತು, ದೂರದೇಶದ ಯಾವುದೋ ಮಗುವಿನ ಅಂಗಿಗೆ ಕಾಲರು ಕೂಡಿಸುತ್ತಾಳೆ. ಮನೆಯಲ್ಲಿ ಆಕೆಯ ತಾಯಿಯೋ ಅತ್ತೆಯೋ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೊಮ್ಮಗಳಿಗೆ ಕೌದಿ ಹೊಲಿಯುತ್ತಾಳೆ. ಒಂದು ಹೊಲಿಗೆಗೆ ಕೂಲಿಯುಂಟು, ಇನ್ನೊಂದಕ್ಕಿಲ್ಲ. ಆದರೆ ಎರಡನೆಯದು ನಿಂತ ದಿನ ಮೊದಲನೆಯದೂ ನಿಲ್ಲುತ್ತದೆ. ಅಜ್ಜಿಗೆ ಜ್ವರ ಬಂದರೆ ತಾಯಿಯ ಹಾಜರಿ ತಪ್ಪುತ್ತದೆ; ಹಾಜರಿ ತಪ್ಪಿದರೆ ಕೂಲಿ ತಪ್ಪುತ್ತದೆ.

ಹೆಚ್ಚು ಮಂದಿ ಹೆಂಗಸರು ದುಡಿಯುವ ಕಾರ್ಖಾನೆಗಳು ಆರು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಕೋಣೆಯನ್ನೂ ನೋಡಿಕೊಳ್ಳುವ ದಾದಿಯನ್ನೂ ಒದಗಿಸತಕ್ಕದ್ದೆಂಬ ವಿಧಿ 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಇತ್ತು. 2017ರ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೂ ಶಿಶುಗೃಹದ ಕರ್ತವ್ಯವನ್ನು ವಿಧಿಸಿತು. ಈ ವಿಧಿಗಳ ಹಿಂದಿನ ವಿವೇಕ ದೊಡ್ಡದು. ಆದರೆ ನಸುಕಿನಲ್ಲಿ ಕೈಗೂಸನ್ನು ಕಿಕ್ಕಿರಿದ ಬಸ್ಸಿನಲ್ಲಿ ಒಯ್ಯುವ ಧೈರ್ಯ ಎಷ್ಟು ತಾಯಂದಿರಿಗಿದ್ದೀತು? ಶಿಶುಗೃಹ ಮನೆಯ ಹತ್ತಿರವಿರಬೇಕು, ಕೆಲಸದ ಹೊತ್ತಿಗೆ ಹೊಂದಬೇಕು, ತಾಯಿಯ ನಂಬಿಕೆಯನ್ನು ಗಳಿಸಬೇಕು. ಅಲ್ಲಿಯವರೆಗೆ ಅದರ ಕೆಲಸವನ್ನು ಅಜ್ಜಿಯೇ ಮಾಡುತ್ತಿರಬೇಕು.

“ಮೊಮ್ಮಗುವನ್ನು ಆಡಿಸುವುದು ಅಜ್ಜಿಗೆ ಸಂತೋಷವಲ್ಲವೆ?” ಎಂದು ತಾವು ಕೇಳಬಹುದು. ಸಂತೋಷವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಸಂತೋಷದ ಕೆಲಸದಲ್ಲಿಯೂ ಮಂಡಿ ನೋಯುತ್ತದೆ. ಅಕ್ಕ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಭಾವನವರನ್ನು “ಊಟವಾಯಿತೆ?” ಎಂದು ಕೇಳುವಳು. ಅವರು “ಆಯಿತು” ಎನ್ನುವರು. ಏನು ಊಟವೆಂದು ಆಕೆ ಕೇಳುವುದಿಲ್ಲ. ಅವರು ಹೇಳುವುದೂ ಇಲ್ಲ. ಎರಡು ಅಡಕೆ ಕೊಯ್ಲು ಆಕೆಯಿಲ್ಲದೆ ಕಳೆದವು.

ಮೂರನೆಯ ಕೊಯ್ಲಿನ ಹೊತ್ತಿಗೆ, ಒಂದು ತಿಂಗಳು ಊರಿಗೆ ಹೋಗಿಬರುತ್ತೇನೆಂದು ಅಕ್ಕ ಬಾಯಿಬಿಟ್ಟು ಹೇಳಿದಳು. ಮನೆಯಲ್ಲಿ ಗಾಬರಿ. ಎಲ್ಲರೂ ಮೊದಲು ಕೇಳಿದ್ದು “ಮಗುವನ್ನು ಯಾರು ನೋಡಿಕೊಳ್ಳುವುದು?” ಎಂದು. ಆಕೆ ಉತ್ತರ ಕೊಡದೆ ಕುಣಿಕೆ ಎಣಿಸುತ್ತಿದ್ದಳು. ಆಮೇಲೆ ಮಗಳೇ ತಾಯಿಯ ಬಳಿ ಕುಳಿತು, “ಎರಡು ವರ್ಷದಲ್ಲಿ ನಿನ್ನನ್ನು ಒಂದು ಸಲವೂ ಕೇಳಲಿಲ್ಲ, ಅಮ್ಮ” ಎಂದಳು. ಅಳಿಯಂದಿರು ಹದಿನೈದು ದಿನ ಮನೆಯಿಂದಲೇ ಕೆಲಸ ಮಾಡುವುದೆಂದೂ, ಮಿಕ್ಕ ದಿನಗಳಿಗೆ ಮಗಳು ರಜೆ ಹಾಕುವುದೆಂದೂ ಗೊತ್ತಾಯಿತು. ಮೊದಲ ವಾರದಲ್ಲಿಯೇ ಅಳಿಯಂದಿರು ಫೋನು ಮಾಡಿ, “ಅತ್ತೆ, ನೀವು ಒಬ್ಬರೇ ಹೇಗೆ ಮಾಡುತ್ತಿದ್ದಿರಿ?” ಎಂದು ಕೇಳಿದರಂತೆ. ನನಗೆ ತಿಳಿದಮಟ್ಟಿಗೆ ಆಕೆಯ ಎರಡು ವರ್ಷದ ದುಡಿಮೆಗೆ ಸಂದ ಮೊದಲ ರಸೀತಿ ಅದು.

ಅಜ್ಜಿಯರಿರುವ ಮನೆಗಳವರಲ್ಲಿ ನನ್ನ ವಿಜ್ಞಾಪನೆ ಅಲ್ಪವಾದದ್ದು. ಅವರ ಇಷ್ಟವನ್ನು ಮುಂಚಿತವಾಗಿ ಕೇಳಿರಿ. ಭಾನುವಾರ ತಮಗಿರುವಂತೆ ಅವರಿಗೂ ಇರಲಿ. ಅವರು ಕೂರುವೆಡೆಗೆ ಒಳ್ಳೆಯ ದೀಪವೊಂದನ್ನು ಹಾಕಿಸಿರಿ. ಸಾಲು ಮುಗಿಸುವವರೆಗೆ ಅವರನ್ನು ಕರೆಯಬೇಡಿರಿ.

ಅಕ್ಕ ತಿಂಗಳು ಕಳೆದು ಹಿಂತಿರುಗಿದಾಗ ಹುಡುಗ ಓಡಿಬಂದು ಅಪ್ಪಿಕೊಂಡ. ಆಕೆ ಮೊದಲು ನೋಡಿದ್ದು ಅವನ ತೋಳನ್ನು: ಹಳದಿಯ ಸ್ವೆಟರು ಮಣಿಕಟ್ಟಿನಿಂದ ಎರಡು ಬೆರಳು ಮೇಲೇರಿತ್ತು. ಮರುದಿನ ಹನ್ನೊಂದಕ್ಕೆ ಅದನ್ನು ಬಿಚ್ಚಿದಳು. ಸುಕ್ಕಾದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಿನಲ್ಲಿ ಅದ್ದಿ, ಕೆಳಗೆ ತುಸು ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದಳು. ನೂಲು ನೆಟ್ಟಗಾಯಿತು. ಅದಕ್ಕೆ ಇನ್ನೊಂದು ಹೊಸ ಉಂಡೆಯನ್ನು ಸೇರಿಸಿ, ಈ ಸಲ ಹತ್ತು ಕುಣಿಕೆ ಹೆಚ್ಚಾಗಿ ಏರಿಸಿಕೊಂಡು, ಮೊದಲಿನಿಂದ ಆರಂಭಿಸಿದ್ದಾಳೆ.