ಅಸಾಕುಸಾದ ಗಿಂಕ್ಗೊ ಮರ

ಶಾಲೆಯ ಪ್ರವಾಸದಲ್ಲಿ ಜಪಾನಿಗೆ ಹೋದ ಮಕ್ಕಳ ಮೊದಲ ದಿನದ ತಿರುಗಾಟ ಎಷ್ಟೋ ಸಲ ಟೋಕಿಯೋದ ಅಸಾಕುಸಾದಲ್ಲೇ ಶುರುವಾಗುತ್ತದೆ. ಕಮಿನಾರಿಮೊನ್ ಮಹಾದ್ವಾರದಲ್ಲಿ ಸುಮಾರು 700 ಕಿಲೋ ತೂಕದ ಕೆಂಪು ಲಾಂದ್ರ. ಅದರ ಕೆಳಗೆ ಫೋಟೊ, ನಕಾಮಿಸೆ ಬೀದಿಯಲ್ಲಿ ತಿಂಡಿ, ಆಮೇಲೆ ಸೆನ್ಸೋಜಿ ದೇವಾಲಯ. ಅಂಗಳದಲ್ಲಿ ಜನ ಧೂಪದ ಹೊಗೆಯನ್ನು ಎರಡೂ ಕೈಯಿಂದ ಮೈಗೆ ಸವರಿಕೊಳ್ಳುತ್ತಾರೆ, ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆ.

628ರಲ್ಲಿ ಸುಮಿದಾ ನದಿಯಲ್ಲಿ ಇಬ್ಬರು ಬೆಸ್ತ ಸೋದರರ ಬಲೆಗೆ ಕನ್ನೊನ್ ವಿಗ್ರಹ ಸಿಕ್ಕಿತು ಎನ್ನುತ್ತದೆ ಈ ದೇವಾಲಯದ ಐತಿಹ್ಯ. ಕನ್ನೊನ್ ಎಂದರೆ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ನಮ್ಮ ಮಂಗಳೂರಿನ ಕದ್ರಿಯಲ್ಲಿ 968ರ ಕಂಚಿನ ಲೋಕೇಶ್ವರ ಇದ್ದಾನಲ್ಲ, ಅವನೇ! ಕರಾವಳಿಯ ಹುಡುಗಿಯೊಬ್ಬಳು ಸೆನ್ಸೋಜಿಯಲ್ಲಿ ನಿಂತರೆ ಈ ನಂಟು ಅವಳಿಗೆ ತಿಳಿದಿರಬೇಕು ಎಂಬುದು ನನ್ನ ಆಸೆ.

ಎರಡನೇ ಮಹಾಯುದ್ಧದಲ್ಲಿ, 1945ರ ಮಾರ್ಚ್ 10ರ ವಾಯುದಾಳಿಯಲ್ಲಿ ಅಸಾಕುಸಾ ಬೂದಿಯಾಯಿತು. ಒಂದೇ ರಾತ್ರಿಯಲ್ಲಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ದೇವಾಲಯವೂ ಸುಟ್ಟಿತು. ಈಗ ಕಾಣುವ ಮುಖ್ಯ ಮಂದಿರ 1958ರಲ್ಲಿ ಮತ್ತೆ ಕಟ್ಟಿದ್ದು. ಆದರೆ ಅಂಗಳದ ಒಂದು ಗಿಂಕ್ಗೊ ಮರ ಉಳಿಯಿತು. ಕಾಂಡದಲ್ಲಿ ಬೆಂಕಿ ತಿಂದ ಕರಿ ಗುರುತು ಇನ್ನೂ ಇದೆ, ಮರ ಮಾತ್ರ ಪ್ರತಿ ವಸಂತದಲ್ಲೂ ಚಿಗುರುತ್ತದೆ.

ಮೊದಲ ದಿನದ ಸಡಗರದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳೇ, ಅಂಗಡಿಗಳ ಸಮಯದಲ್ಲಿ ಹತ್ತು ನಿಮಿಷ ಉಳಿಸಿ, ಆ ಮರವನ್ನು ತೋರಿಸಿ.