ಪ್ರೆಸ್‌ನೋಟಿನಲ್ಲಿ ಇಲ್ಲದ ಮೊಣಕಾಲು



ಘಟಿಕೋತ್ಸವ ಭಾಷಣವೆಂದರೆ ಕನಸು, ಛಲ, ರಾಷ್ಟ್ರನಿರ್ಮಾಣ ಇವೆಲ್ಲ ಇರಬೇಕು ಎಂಬ ವಾಡಿಕೆ ಇದೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಪತ್ರಿಕೆಯ ರಾತ್ರಿ ಪಾಳಿಯಲ್ಲಿ ತಲೆ ನರೆಸಿಕೊಂಡವನು. ಪೊಲೀಸರಿಂದ ಬರುವ ಪ್ರೆಸ್‌ನೋಟುಗಳನ್ನು ತಿದ್ದಿ ಸುದ್ದಿ ಮಾಡುವುದು ನನ್ನ ಕಸುಬಾಗಿತ್ತು. ಹಾಗಾಗಿ ಇವತ್ತೂ ಒಂದು ಪ್ರೆಸ್‌ನೋಟನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಅದು ನಮ್ಮ ಊರಿನದಲ್ಲ, ಅಮೆರಿಕದ ಮಿನಿಯಾಪೊಲಿಸ್ ನಗರದ್ದು.

2020ರ ಮೇ 25ರ ರಾತ್ರಿ ಅಲ್ಲಿನ ಪೊಲೀಸ್ ಇಲಾಖೆ ಹೊರಡಿಸಿದ ಪ್ರಕಟಣೆಯ ಸಾರಾಂಶ ಇಷ್ಟು: ಖೋಟಾ ವ್ಯವಹಾರದ ದೂರು ಬಂದು ಪೊಲೀಸರು ಸ್ಥಳಕ್ಕೆ ಹೋದರು. ಶಂಕಿತನನ್ನು ಕಾರಿನಿಂದ ಇಳಿಯಲು ಹೇಳಿದರು. ಇಳಿದ ಮೇಲೆ ಆತ ಪ್ರತಿರೋಧ ಒಡ್ಡಿದ. ಕೈಗೆ ಬೇಡಿ ಹಾಕಿದರು. ಆತನ ಆರೋಗ್ಯ ಕೆಟ್ಟಂತೆ ಕಂಡಿತು, ಆಂಬುಲೆನ್ಸ್ ಕರೆಸಿದರು. ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತಿಗೆ ತೀರಿಕೊಂಡ. ಯಾರೂ ಯಾವ ಆಯುಧವನ್ನೂ ಬಳಸಿಲ್ಲ. ಪೊಲೀಸರಿಗೆ ಗಾಯಗಳಾಗಿಲ್ಲ.

ಇದು ನನ್ನ ಮೇಜಿಗೆ ಬಂದಿದ್ದರೆ ಒಳಪುಟದಲ್ಲಿ ಒಂದು ಕಾಲಂ, ಮೂರು ಇಂಚು. ಉಪಸಂಪಾದಕನಾದವನಿಗೆ ಇದರಲ್ಲಿ ತಿದ್ದಲು ಏನೂ ಇಲ್ಲ. ಹೆಚ್ಚಿನ ವಾಕ್ಯಗಳನ್ನು ಒಂದೊಂದಾಗಿ ಎತ್ತಿಕೊಂಡರೆ ಯಾವ ವಕೀಲನಾದರೂ ಸಮರ್ಥಿಸಿಕೊಂಡಾನು. ಆಯುಧ ಬಳಸಿಲ್ಲ ಎಂಬ ಮಾತನ್ನಂತೂ ಮೆಚ್ಚಲೇಬೇಕು. ಮೊಣಕಾಲು ಆಯುಧವಲ್ಲವಲ್ಲ! ಡೆರೆಕ್ ಚಾವಿನ್ ಎಂಬ ಅಧಿಕಾರಿ ಆ ಶಂಕಿತನ, ಅಂದರೆ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತದ್ದು ಆ ಪ್ರಕಟಣೆಯಲ್ಲಿ ಎಲ್ಲೂ ಇಲ್ಲ. ಎಷ್ಟು ಹೊತ್ತು ಕೂತಿದ್ದ ಎಂಬ ಲೆಕ್ಕ ಮೊದಲು 8 ನಿಮಿಷ 46 ಸೆಕೆಂಡ್ ಎಂದು ದಾಖಲಾಯಿತು. ವಿಚಾರಣೆಯ ಹೊತ್ತಿಗೆ ಅದು 9 ನಿಮಿಷ 29 ಸೆಕೆಂಡ್ ಎಂದು ಖಚಿತವಾಯಿತು. ಸಂಶಯಕ್ಕೆ ಕಾರಣವಾಗಿದ್ದು ಅಂಗಡಿಯೊಂದರಲ್ಲಿ ಕೊಟ್ಟ 20 ಡಾಲರಿನ ಒಂದು ನೋಟು.

ಅದೇ ಅಂಗಡಿಗೆ ತಿಂಡಿ ಕೊಳ್ಳಲು 17 ವರ್ಷದ ಹುಡುಗಿಯೊಬ್ಬಳು ತನ್ನ 9 ವರ್ಷದ ತಂಗಿಯನ್ನು ಕರೆದುಕೊಂಡು ಬಂದಿದ್ದಳು. ಒಡಹುಟ್ಟಿದವಳಲ್ಲ, ಸಂಬಂಧದಲ್ಲಿ ತಂಗಿ. ಚಿಕ್ಕವಳನ್ನು ಅಂಗಡಿಯೊಳಕ್ಕೆ ಕಳಿಸಿ ಈಕೆ ಮೊಬೈಲ್ ಹಿಡಿದು ನಿಂತಳು. ಆ ರಾತ್ರಿಯೇ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು. ನಗರದ ಆಗಿನ ಪೊಲೀಸ್ ಮುಖ್ಯಸ್ಥ ಮೆಡೇರಿಯಾ ಅರಡೊಂಡೊ ಆಮೇಲೆ ಸಾಕ್ಷಿಕಟ್ಟೆಯಲ್ಲಿ ಹೇಳಿದ ಪ್ರಕಾರ, ಹೀಗೊಂದು ವಿಡಿಯೊ ಇದೆ ಎಂದು ಅವರಿಗೆ ಗೊತ್ತಾದದ್ದು ಮಧ್ಯರಾತ್ರಿಯ ಹೊತ್ತಿಗೆ ಊರಿನವರೊಬ್ಬರು ತಿಳಿಸಿದಾಗ. ಇಲಾಖೆಯ ಮುಖ್ಯಸ್ಥರಿಗೇ ಇಲಾಖೆಯ ಸುದ್ದಿ ಹೊರಗಿನಿಂದ ಬಂತು. ಮರುದಿನ ಸ್ಥಳದಲ್ಲಿದ್ದ ನಾಲ್ವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. 2021ರ ಏಪ್ರಿಲ್ 20ರಂದು ಜ್ಯೂರಿ ಚಾವಿನ್ ದೋಷಿ ಎಂದಿತು. ಶಿಕ್ಷೆ 22 ವರ್ಷ 6 ತಿಂಗಳು.

ಆ ಹುಡುಗಿ ಡಾರ್ನೆಲ್ಲಾ ಫ್ರೇಜಿಯರ್‌ಗೆ 2021ರಲ್ಲಿ ಪುಲಿಟ್ಜರ್ ಮಂಡಳಿ ವಿಶೇಷ ಗೌರವ ಕೊಟ್ಟಿತು. ಅದರ ಹಿಂದಿನ ವರ್ಷ, ಫ್ಲಾಯ್ಡ್ ಸಾಯುವ ಮೂರು ವಾರ ಮೊದಲು, ಅದೇ ಮಂಡಳಿ ಅದೇ ಬಗೆಯ ಗೌರವವನ್ನು ಮರಣೋತ್ತರವಾಗಿ ಐಡಾ ಬಿ. ವೆಲ್ಸ್ ಅವರಿಗೆ ಕೊಟ್ಟಿತ್ತು. ಕಪ್ಪು ಜನರನ್ನು ಗುಂಪು ಕಟ್ಟಿಕೊಂಡು ಕೊಲ್ಲುತ್ತಿದ್ದುದರ ಬಗ್ಗೆ ಊರೂರು ಅಲೆದು ವರದಿ ಮಾಡಿದ ಪತ್ರಕರ್ತೆ ಆಕೆ. 1892ರಲ್ಲಿ ಮೆಂಫಿಸ್‌ನಲ್ಲಿ ಆಕೆಯ ಪತ್ರಿಕಾ ಕಚೇರಿಯನ್ನು ಪುಂಡರ ಗುಂಪು ಧ್ವಂಸ ಮಾಡಿತು. ಗೌರವ ಬರಲು 128 ವರ್ಷ ಹಿಡಿಯಿತು. ಪುರಸ್ಕಾರ ಸಮಿತಿಗಳ ವೇಗದ ಬಗ್ಗೆ ನಾನು ಬೇರೆ ಏನೂ ಹೇಳಬೇಕಾಗಿಲ್ಲ.

ಇಲ್ಲಿಗೆ ನೀವು ಒಂದು ತೀರ್ಮಾನಕ್ಕೆ ಬಂದಿರುತ್ತೀರಿ: ಜೇಬಿನಲ್ಲಿ ಕ್ಯಾಮೆರಾ ಇದ್ದರೆ ಸಾಕು, ಸತ್ಯ ತಾನಾಗಿ ಗೆಲ್ಲುತ್ತದೆ. ನಿಮ್ಮ ತಲೆಮಾರಿಗೆ ಈ ನಂಬಿಕೆ ಸಹಜ. ನಾನು ಅದನ್ನು ಒಪ್ಪುವುದಿಲ್ಲ.

1991ರ ಮಾರ್ಚ್ 3ರಂದು ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ನೆಲಕ್ಕೆ ಕೆಡವಿ ಲಾಠಿಯಿಂದ ಬಡಿದರು. ಎದುರಿನ ಮನೆಯ ಬಾಲ್ಕನಿಯಿಂದ ಜಾರ್ಜ್ ಹಾಲಿಡೇ ಎಂಬಾತ ಅದನ್ನು ಹ್ಯಾಂಡಿಕ್ಯಾಮ್‌ನಲ್ಲಿ ಸೆರೆಹಿಡಿದು ಸ್ಥಳೀಯ ಟಿವಿ ಚಾನೆಲ್ಲಿಗೆ ಕೊಟ್ಟ. ದೇಶವೆಲ್ಲ ನೋಡಿತು. ಮುಂದಿನ ವರ್ಷ ಸಿಮಿ ವ್ಯಾಲಿಯ ನ್ಯಾಯಾಲಯದಲ್ಲಿ ಆದದ್ದು ಬೇರೆಯೇ. ಪೊಲೀಸರ ಪರ ವಕೀಲರು ಅದೇ ವಿಡಿಯೊವನ್ನು ನಿಧಾನಗೊಳಿಸಿ, ಒಂದೊಂದೇ ಫ್ರೇಮ್ ನಿಲ್ಲಿಸಿ ತೋರಿಸಿದರು. ಇಲ್ಲಿ ನೋಡಿ, ಕಾಲು ಮಡಿಸಿದ; ಇಲ್ಲಿ ನೋಡಿ, ಏಳಲು ಹೊರಟ. ಹಾಗೆ ಬಿಡಿಸಿಟ್ಟಾಗ ಹೊಡೆತಗಳು ಕಾಣದಾದವು, ಹೊಡೆತ ತಿಂದವನ ಕದಲಿಕೆ ಮಾತ್ರ ಕಂಡಿತು. ಬಹುಪಾಲು ಬಿಳಿಯರಿದ್ದ ಜ್ಯೂರಿ ಹೆಚ್ಚುಕಡಿಮೆ ಎಲ್ಲ ಆರೋಪಗಳಿಂದಲೂ ಪೊಲೀಸರನ್ನು ಖುಲಾಸೆ ಮಾಡಿತು. ಅಂದು ಸಂಜೆ ಶುರುವಾದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು.

ಚಾನೆಲ್ಲೂ ಒಂದು ಕೆಲಸ ಮಾಡಿತ್ತು. ವಿಡಿಯೊದ ಆರಂಭದ ಕೆಲವು ಸೆಕೆಂಡುಗಳು ಮಸುಕಾಗಿದ್ದವೆಂದು ಕತ್ತರಿಸಿ ಪ್ರಸಾರ ಮಾಡಿತ್ತು. ಕಿಂಗ್ ಎದ್ದು ಅಧಿಕಾರಿಯೊಬ್ಬನ ಕಡೆಗೆ ನುಗ್ಗಿದಂತೆ ತೋರುವ ಭಾಗ ಅದರಲ್ಲಿತ್ತು. ಆಮೇಲೆ ಬಿದ್ದ ಅಷ್ಟೂ ಲಾಠಿ ಏಟುಗಳನ್ನು ಅದು ಸಮರ್ಥಿಸುವುದಿಲ್ಲ. ಆದರೆ ಜನ ನೋಡದ ಆ ತುಣುಕು ಜ್ಯೂರಿಯ ಮುಂದೆ ಬಂದಾಗ, ಇಷ್ಟು ದಿನ ಇದನ್ನು ಮುಚ್ಚಿಟ್ಟಿದ್ದರಾ ಎಂಬ ಅನುಮಾನ ಹುಟ್ಟಿಸಲು ಎದುರು ಪಕ್ಷಕ್ಕೆ ಅಷ್ಟೇ ಸಾಕಾಯಿತು. ಸಂತ್ರಸ್ತನ ಪರ ಎಂದುಕೊಂಡು ಕತ್ತರಿ ಹಿಡಿಯುವ ಸಂಪಾದಕ ಸಂತ್ರಸ್ತನ ಕೇಸನ್ನೇ ಕೆಡಿಸುತ್ತಾನೆ. ಪತ್ರಿಕೋದ್ಯಮದ ಪದವಿ ಪಡೆಯುತ್ತಿರುವವರು ಇದನ್ನು ಗಮನಿಸಬೇಕು.

ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಫರ್ಗ್ಯೂಸನ್. ಮಿಸೌರಿ ರಾಜ್ಯದ ಸಣ್ಣ ಊರು. 2014ರ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ 18 ವರ್ಷದ ಕಪ್ಪು ಹುಡುಗ ಅಲ್ಲಿ ಬಿಳಿಯ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಕೈ ಮೇಲೆತ್ತಿ ಶರಣಾದವನನ್ನು ಕೊಂದರು ಎಂಬ ಮಾತು ಘೋಷಣೆಯಾಯಿತು, ಟಿ-ಶರ್ಟಿನ ಮೇಲೆ ಬಂತು. ಅಮೆರಿಕದ ನ್ಯಾಯ ಇಲಾಖೆ ತನಿಖೆ ನಡೆಸಿ 2015ರ ಮಾರ್ಚ್ 4ರಂದು, ಒಂದೇ ದಿನ, ಎರಡು ವರದಿ ಹೊರತಂದಿತು. ಮೊದಲನೆಯದು ಗುಂಡೇಟಿನ ಬಗ್ಗೆ: ಕೈ ಎತ್ತಿದ್ದ ಎಂಬ ಹೇಳಿಕೆಗೆ ವಿಶ್ವಾಸಾರ್ಹ ಪುರಾವೆ ಸಿಗಲಿಲ್ಲ, ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಎರಡನೆಯದು ಊರಿನ ಪೊಲೀಸ್ ವ್ಯವಸ್ಥೆಯ ಬಗ್ಗೆ. ಒಂದು ಬಣ ಮೊದಲನೆಯದನ್ನು ಹಿಡಿದು, ನೋಡಿದಿರಾ, ಎಲ್ಲ ಕಟ್ಟುಕತೆ ಎಂದಿತು. ಇನ್ನೊಂದು ಬಣ ಎರಡನೆಯದನ್ನು ಹಿಡಿದು ಮೊದಲನೆಯದರ ಹೆಸರೇ ಎತ್ತಲಿಲ್ಲ. ಟಿವಿ ಚರ್ಚೆಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡನ್ನೂ ಒಬ್ಬನೇ ಮನುಷ್ಯ ಕೂತು ಓದಬಹುದಿತ್ತು.

ಎರಡನೆಯ ವರದಿಯಲ್ಲಿ ಒಬ್ಬ ಹೆಂಗಸಿನ ಕತೆ ಬರುತ್ತದೆ. 2007ರಲ್ಲಿ ಆಕೆ ಒಮ್ಮೆ ಕಾರನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿದಳು. ದಂಡ 151 ಡಾಲರ್, ಮೇಲೆ ಶುಲ್ಕ. ಕೈಯಲ್ಲಿ ಕಾಸಿಲ್ಲ, ಕೆಲಕಾಲ ಇರಲು ಮನೆಯೂ ಇರಲಿಲ್ಲ. ಕೋರ್ಟಿಗೆ ಹಾಜರಾಗದಾಗಲೆಲ್ಲ, ಕಂತು ತಪ್ಪಿದಾಗಲೆಲ್ಲ ಹೊಸ ದಂಡ, ಹೊಸ ವಾರಂಟ್. ಎರಡು ಸಲ ಬಂಧನ, ಆರು ದಿನ ಜೈಲು. ನಡುವೆ ಆಕೆ 25 ಡಾಲರ್, 50 ಡಾಲರ್ ಎಂದು ಕೈಲಾದಷ್ಟು ಕಟ್ಟಲು ಹೋದರೆ ಪೂರ್ತಿ ಕಟ್ಟಬೇಕೆಂದು ಕೋರ್ಟು ಹಿಂದಿರುಗಿಸಿತು. 2014ರ ಡಿಸೆಂಬರ್ ಹೊತ್ತಿಗೆ ಆಕೆ ಒಟ್ಟು 550 ಡಾಲರ್ ಕಟ್ಟಿದ್ದಳು. ಬಾಕಿ ಇನ್ನೂ 541 ಡಾಲರ್ ಇತ್ತು!

ಇದನ್ನು ಯಾರೂ ವಿಡಿಯೊ ಮಾಡುವಂತಿರಲಿಲ್ಲ. ವಿಡಿಯೊ ಮಾಡಲು ಇಲ್ಲಿ ಏನಿದೆ? ಕೌಂಟರ್, ರಸೀದಿ, ಗುಮಾಸ್ತ. ಆ ಊರಿನ ಹಣಕಾಸು ಅಧಿಕಾರಿ ಪೊಲೀಸ್ ಮುಖ್ಯಸ್ಥನಿಗೆ ಬರೆದ ಪತ್ರವೂ ತನಿಖೆಯಲ್ಲಿ ಸಿಕ್ಕಿತು: ವರ್ಷ ಮುಗಿಯುವುದರೊಳಗೆ ಹೆಚ್ಚು ದಂಡದ ಚೀಟಿ ಹರಿಯದಿದ್ದರೆ ವಸೂಲಿ ಏರುವುದು ಕಷ್ಟ ಎಂಬ ಅರ್ಥದ್ದು. ಜನಸಂಖ್ಯೆಯಲ್ಲಿ ಕಪ್ಪು ಜನ ಶೇ 67. ಬಂಧಿತರಲ್ಲಿ ಶೇ 93. ರಸ್ತೆಯಲ್ಲಿ ಸರಿಯಾಗಿ ನಡೆಯಲಿಲ್ಲ ಎಂಬ ಕೇಸುಗಳಲ್ಲಿ ಶೇ 95. ಆ ಊರಿನಲ್ಲಿ ಒಂದು ಸಾವಿಗೆ ಅಷ್ಟು ಜನ ಬೀದಿಗಿಳಿದದ್ದು ಯಾಕೆ ಎಂಬುದಕ್ಕೆ ಉತ್ತರ ಗುಂಡು ಹಾರಿದ ಗಳಿಗೆಯಲ್ಲಿ ಇರಲಿಲ್ಲ, ಈ ರಸೀದಿಗಳಲ್ಲಿ ಇತ್ತು. ಆದರೂ ಕ್ಯಾಮೆರಾಗಳು ಹೋದದ್ದು ಉರಿಯುತ್ತಿದ್ದ ಅಂಗಡಿಗಳ ಕಡೆಗೆ.

ಇದೇನೂ ಹೊಸ ಚಾಳಿಯಲ್ಲ. 1967ರ ಬೇಸಿಗೆಯಲ್ಲಿ ಡೆಟ್ರಾಯಿಟ್, ನ್ಯೂವಾರ್ಕ್ ಹೊತ್ತಿ ಉರಿದ ಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರ ತನ್ನ ವರದಿಯಲ್ಲಿ ಮಾಧ್ಯಮಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿತು. ಡೆಟ್ರಾಯಿಟ್‌ನ ನಷ್ಟ 50 ಕೋಟಿ ಡಾಲರ್ ವರೆಗೂ ಹೋಗಬಹುದೆಂದು ಆರಂಭದಲ್ಲಿ ಸುದ್ದಿಯಾಗಿತ್ತು. ಆಮೇಲಿನ ಅಂದಾಜು ನಾಲ್ಕೂವರೆ ಕೋಟಿ ದಾಟಲಿಲ್ಲ. ಸುದ್ದಿಮನೆಗಳ ಸಂಪಾದಕೀಯ ಹುದ್ದೆಗಳಲ್ಲಿ ಕಪ್ಪು ಜನರ ಪ್ರಮಾಣ ಶೇ 5ಕ್ಕಿಂತ ಕಡಿಮೆ ಎಂದೂ ಆಯೋಗ ಬರೆಯಿತು. ಸಂಖ್ಯೆ ಆಮೇಲೆ ಸುಧಾರಿಸಿದೆ. ಆದರೂ 2020ರ ಮೇ 29ರ ಬೆಳಗಿನ ಜಾವ ಅದೇ ಮಿನಿಯಾಪೊಲಿಸ್‌ನಲ್ಲಿ ಫ್ಲಾಯ್ಡ್ ಸಾವಿನ ವಿರುದ್ಧದ ಪ್ರತಿಭಟನೆಯ ನೇರ ಪ್ರಸಾರ ನಡೆಯುತ್ತಿದ್ದಾಗಲೇ ಸಿಎನ್‌ಎನ್‌ನ ಕಪ್ಪು ವರದಿಗಾರ ಒಮರ್ ಜಿಮೆನೆಜ್ ಅವರಿಗೆ ಪೊಲೀಸರು ಬೇಡಿ ತೊಡಿಸಿದರು. ಸ್ವಲ್ಪ ದೂರದಲ್ಲೇ ನಿಂತಿದ್ದ ಅದೇ ಚಾನೆಲ್ಲಿನ ಬಿಳಿಯ ಸಹೋದ್ಯೋಗಿಯನ್ನು ಮಾತಾಡಿಸಿ ಬಿಟ್ಟರು. ಗುರುತಿನ ಚೀಟಿಗಿಂತ ಮೊದಲು ಮುಖದ ಬಣ್ಣ ಕಂಡಿತ್ತು. ಆ ರಾಜ್ಯದ ಗವರ್ನರ್ ಅಂದೇ ಕ್ಷಮೆ ಕೇಳಿದರು.

ನಿಮ್ಮಲ್ಲಿ ಎಷ್ಟೋ ಮಂದಿ ನಾಳೆ ಡಲ್ಲಾಸ್, ಸಿಯಾಟಲ್, ನ್ಯೂಜೆರ್ಸಿಗಳಿಗೆ ಹೋಗುವವರು. ಅಲ್ಲಿರುವ ನಮ್ಮವರ ಮಾತುಕತೆಯಲ್ಲಿ ಒಂದು ಧಾಟಿಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ: ಅದು ಅವರವರ ಜಗಳ, ಪೊಲೀಸರು ಹೇಳಿದಂತೆ ಕೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಅವರಿಗೆ ಅಲಬಾಮಾದ ಮ್ಯಾಡಿಸನ್ ಪಟ್ಟಣದಲ್ಲಿ 2015ರ ಫೆಬ್ರುವರಿ 6ರಂದು ನಡೆದದ್ದನ್ನು ಹೇಳಬೇಕು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೆಳಿಗ್ಗೆ ಮಗನ ಮನೆಯ ಬೀದಿಯಲ್ಲಿ ಅಡ್ಡಾಡುತ್ತಿದ್ದರು. ಯಾರೋ ಒಬ್ಬ ಕಪ್ಪು ಮನುಷ್ಯ, ಸಣಕಲು, ಮನೆಗಳತ್ತ ನೋಡುತ್ತಾ ಓಡಾಡುತ್ತಿದ್ದಾನೆ ಎಂದು ನೆರೆಯವನೊಬ್ಬ ಪೊಲೀಸರಿಗೆ ಫೋನ್ ಮಾಡಿದ. ಪೊಲೀಸರು ಬಂದರು. ಅಜ್ಜ ತಮಗೆ ಗೊತ್ತಿದ್ದ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಇಂಗ್ಲಿಷ್ ಬರುವುದಿಲ್ಲ ಎಂದರು, ಇಂಡಿಯಾದವನು ಎಂದರು, ಮನೆಯ ಕಡೆ ಕೈ ತೋರಿಸಿದರು. ಅಧಿಕಾರಿ ಅವರ ಕೈಗಳನ್ನು ಹಿಂದಕ್ಕೆ ಹಿಡಿದು ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಯಿತು, ದೇಹದ ಸ್ವಾಧೀನ ಭಾಗಶಃ ಹೋಯಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲೇ ಎಲ್ಲ ದಾಖಲಾಗಿತ್ತು. ಎರಡು ಬಾರಿ ವಿಚಾರಣೆ ನಡೆದು ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ವಿಡಿಯೊ ಇದ್ದೂ!

ಇನ್ನು ನಮ್ಮ ಮನೆ. 2021ರ ಆಗಸ್ಟ್ ಆರಂಭದಲ್ಲಿ ಬೆಂಗಳೂರಿನ ಜೆ.ಸಿ. ನಗರ ಪೊಲೀಸರು ಮಾದಕವಸ್ತು ಆರೋಪದ ಮೇಲೆ ಹಿಡಿದಿದ್ದ ಕಾಂಗೋ ದೇಶದ ಯುವಕನೊಬ್ಬ ಸತ್ತ. ಎದೆನೋವು ಬಂತು, ಆಸ್ಪತ್ರೆಗೆ ಸೇರಿಸಿದೆವು ಎಂದು ಪೊಲೀಸರು ಹೇಳಿದರು. ಠಾಣೆಯ ಮುಂದೆ ಸೇರಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಲಾಯಿತು. ತನಿಖೆ ಸಿಐಡಿಗೆ ಹೋಯಿತು. ಆ ಸಾವಿನ ಬಗ್ಗೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ನಾನು ಓದಿದ, ನೋಡಿದ ಚರ್ಚೆಗಳಲ್ಲಿ ಮಾತ್ರ ಸತ್ತವನ ಮೇಲಿನ ಆರೋಪ ಸಾವಿಗಿಂತ ಮುಂದೆ ನಿಂತಿತ್ತು, ಲಾಠಿ ಏಟು ತಿಂದವರ ವೀಸಾ ಅವಧಿಯೇ ದೊಡ್ಡ ಪ್ರಶ್ನೆಯಾಗಿತ್ತು. ಹಿಂದಿನ ವರ್ಷವಷ್ಟೇ ಮಿನಿಯಾಪೊಲಿಸ್‌ಗೆ ಮರುಗಿ ಸಂಪಾದಕೀಯ ಬರೆದಿದ್ದವರು ನಾವು.

ಈಗ ಕೆಲಸದ ಮಾತು. ಪತ್ರಿಕೆಗೆ ಹೋಗುವವರೇ, ಪ್ರೆಸ್‌ನೋಟನ್ನು ಬಿಸಾಡಬೇಡಿ, ಹಾಗೇ ಅಚ್ಚಿಗೂ ಹಾಕಬೇಡಿ. ಅದರಲ್ಲಿ ಯಾವ ಹೊತ್ತಿನ ಲೆಕ್ಕ ಬಿಟ್ಟುಹೋಗಿದೆ ಎಂದು ನೋಡಿ. ಹಿಡಿದದ್ದು ಎಷ್ಟು ಗಂಟೆಗೆ, ಆಸ್ಪತ್ರೆ ಮುಟ್ಟಿದ್ದು ಎಷ್ಟು ಗಂಟೆಗೆ, ನಡುವೆ ಎಲ್ಲಿದ್ದ. ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಓದಿದವರೂ ಇಲ್ಲಿದ್ದೀರಿ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು 1000 ಜನ ಸಾಯುತ್ತಾರೆ ಎಂಬ ಲೆಕ್ಕ ಜನರಿಗೆ ಸಿಕ್ಕಿದ್ದು ಸರ್ಕಾರದಿಂದಲ್ಲ. ಫರ್ಗ್ಯೂಸನ್ ನಂತರ, 2015ರಿಂದ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯವರು ಒಂದೊಂದೇ ಸಾವನ್ನು ಕೂಡಿಸಿ ಇಟ್ಟ ಲೆಕ್ಕ ಅದು. ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನ ಬಿಳಿಯರ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಸಾಯುತ್ತಾರೆ ಎಂಬುದು ಗೊತ್ತಾದದ್ದೂ ಆ ಪಟ್ಟಿಯಿಂದಲೇ.

ಕಾನೂನು ಪದವೀಧರರಿಗೆ ಇಂದು ಸಂಜೆಯೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. 2020ರ ಡಿಸೆಂಬರ್ 2ರಂದು ನಮ್ಮ ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ದೇಶದ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು ಎಂದಿತು: ಬಾಗಿಲಲ್ಲಿ, ಲಾಕಪ್ಪಿನಲ್ಲಿ, ಓಣಿಯಲ್ಲಿ, ಇನ್‌ಸ್ಪೆಕ್ಟರ್ ಕೋಣೆಯಲ್ಲಿ, ದನಿಯೂ ದಾಖಲಾಗುವ ಹಾಗೆ. ಇಲ್ಲಿ ಕ್ಯಾಮೆರಾ ಇದೆ, ದೌರ್ಜನ್ಯವಾದರೆ ಹೀಗೆ ದೂರು ಕೊಡಬಹುದು ಎಂದು ಸ್ಥಳೀಯ ಭಾಷೆಯಲ್ಲೂ ದೊಡ್ಡ ಫಲಕ ಹಾಕಬೇಕು ಎಂದಿತು. ಊರಿಗೆ ಹೋದ ಮೇಲೆ ನಿಮ್ಮ ಠಾಣೆಯ ಬಾಗಿಲಲ್ಲಿ ಆ ಕನ್ನಡ ಫಲಕ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಹಾಕಲು ಏನು ಕ್ರಮವಾಗಿದೆ ಎಂಬ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ ಹತ್ತು ರೂಪಾಯಿ.