ಛಂದಸ್ಸು ಯಾರಪ್ಪನ ಸ್ವತ್ತು?

(ಯುವ ಬರಹಗಾರರ ಕಮ್ಮಟದಲ್ಲಿ ಆಡಿದ ಮಾತು)



ಪದ್ಯ ಬರೆಯೋ ನಮ್ಮ ಹುಡುಗರು ಕೇಳ್ತಾರೆ: ನಮಗ್ಯಾಕೆ ಈ ಲಘು, ಗುರು, ಪ್ರಾಸ, ಅಲಂಕಾರ? ಅವೆಲ್ಲ ಪಂಡಿತರ ಕಾಟ ಅಂತ. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಕಲಿಯೋದಿಲ್ಲ ಅಂತ ಕೂತರೆ ಲಾಭ ಯಾರಿಗೆ?

ಲೆಕ್ಕ ಬಹಳ ಸುಲಭ. ಗಿಡ್ಡಾಗಿ ನುಡಿಯೋ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ಗುರುವಿಗೆ ಎರಡು. ದೀರ್ಘ ಇದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಗುರು. 'ತಮಟೆ' ಮೂರು ಲಘು, ಮೂರು ಮಾತ್ರೆ. 'ಕೂಲಿ' ಗುರು-ಲಘು, ಅದೂ ಮೂರೇ. 'ಅನ್ನ'ವೂ ಮೂರೇ. ತಮಟೆ ಹೊಡೆಯೋನ ಕೈಗೆ ಈ ಲೆಕ್ಕ ಹೊಸದಲ್ಲ, ಹೆಸರು ಮಾತ್ರ ಹೊಸದು.

ಕುಮಾರವ್ಯಾಸ ಭಾರತ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲು. 1, 2, 4, 5ನೇ ಸಾಲಿಗೆ 3-4-3-4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3-4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ರಾಜರ ಕಥೆ ಕೂತ ಜಾಗದಲ್ಲಿ ನಮ್ಮ ಮಾತು ಕೂರೋದಿಲ್ವಾ? ಕೂರಿಸಿದ್ದೀನಿ, ಎಣಿಸಿ ನೋಡಿ:

ಕೂಲಿ ಕೇಳಿದ ನಮಗೆ ಬೈದರು
ಸಾಲ ತೀರದೆ ಊರ ಬಿಟ್ಟೆವು

ಎರಡು ಸಾಲಲ್ಲೂ ಮೊದಲಕ್ಷರ ಗುರು, ಎರಡನೇ ಅಕ್ಷರದ ವ್ಯಂಜನ 'ಲ'. ಇದೇ ಆದಿಪ್ರಾಸ. ಇಷ್ಟಕ್ಕೇ ನಮ್ಮನ್ನ ಹೆದರಿಸಿದ್ದು!

ತ್ರಿಪದಿಯಂತೂ ಹೊಸದಾಗಿ ಕಲಿಯಬೇಕಾದ್ದೇ ಅಲ್ಲ. ಬಾದಾಮಿಯಲ್ಲಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಬಂಡೆ ಮೇಲೆ ಕೆತ್ತಿದ್ದು ತ್ರಿಪದಿ. ಅಕ್ಷರ ಬಾರದ ಅವ್ವಂದಿರು ಬೀಸೋ ಕಲ್ಲಿನ ಮುಂದೆ ಹಾಡಿದ್ದೂ ತ್ರಿಪದಿ.

ಇನ್ನು ಅಲಂಕಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಖ ತಾವರೆಯಂತೆ ಅಂದರೆ ಉಪಮೆ. ಮುಖ ಉಪಮೇಯ, ತಾವರೆ ಉಪಮಾನ. 'ಅಂತೆ' ತೆಗೆದು ಮುಖವೇ ತಾವರೆ ಅಂದರೆ ರೂಪಕ. ಪಾಠ ಇಲ್ಲಿಗೆ ಮುಗಿಸ್ತಾರೆ. 'ಕೋಪ ಚಂಡಾಲ' ಅಂತ ಮನೆಮನೆಯಲ್ಲಿ ಹೇಳ್ತಾರಲ್ಲ, ಅದು ಯಾವ ಅಲಂಕಾರ? ಅದೂ ರೂಪಕವೇ. ಅಲ್ಲಿ ಉಪಮಾನ ಯಾರು? ಮನುಷ್ಯರು, ನಾವು. 'ಹೊಲೆ' ಅಂದರೆ ಮೈಲಿಗೆ ಅಂತ ಅರ್ಥ ಬರೆದ ಭಾಷೆ ಇದು. ಕೆಟ್ಟದ್ದಕ್ಕೆಲ್ಲ ನಮ್ಮ ಹೆಸರನ್ನೇ ಹೋಲಿಕೆಗೆ ತಂದಿಟ್ಟು, ಅದನ್ನ ಗಾದೆ ಅಂದರು, ಕಾವ್ಯ ಅಂದರು. ಬೈಗುಳ ಅಂತ ಗೊತ್ತಾಗದ ಹಾಗೆ ಬೈಯೋಕೆ ರೂಪಕದಷ್ಟು ಒಳ್ಳೇ ಸಾಧನ ಬೇರೆ ಇಲ್ಲ. ಉಪಮಾನ ಅನ್ನೋ ಪದ ತಿಳಿಯದವನಿಗೆ ನೋವಾಗುತ್ತೆ, ಆದರೆ ಎಲ್ಲಿ ಹೊಡೆದರು ಅಂತ ಬೆರಳಿಟ್ಟು ತೋರಿಸೋಕೆ ಆಗೋದಿಲ್ಲ.

1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಶೀರ್ಷಿಕೆಯನ್ನೇ ನೋಡಿ. ಹೋಲಿಕೆಗೆ ಬಳಸ್ತಿದ್ದ ಹೆಸರು ಅಲ್ಲಿ ಹಾಡುವವರ ಹೆಸರಾಯ್ತು.

ವಚನಕ್ಕೆ ಮಾತ್ರೆಯ ಕಟ್ಟಿಲ್ಲ, ಅದರ ಲಯವೇ ಬೇರೆ. ಅದನ್ನ ಮಧ್ಯಾಹ್ನ ನೋಡೋಣ. ಈಗ ಚಾ ಬರೋದರೊಳಗೆ ಮೇಲಿನ ಪದ್ಯಕ್ಕೆ ಮೂರನೇ ಸಾಲು ಕಟ್ಟಿ. 23 ಮಾತ್ರೆ, ಮೊದಲಕ್ಷರ ಗುರು, ಎರಡನೇದು 'ಲ'. ತಮಟೆ ಆ ಮೂಲೇಲಿದೆ, ತಪ್ಪಿದರೆ ಅದೇ ಹೇಳುತ್ತೆ.